ಎರಡು ಆಯಿಲ್ ಸೀಲ್, ಒಂದು ಬಿಪಿ ಮಷೀನ್

ಟೂ ಸ್ಟ್ರೋಕ್ ಗಾಡಿ ಓಡಿಸುವಾಗ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲಿರಬೇಕು. ಆರ್‌ಡಿ ಓಡಿಸೋಕೆ ಕಲಿಸಿದ ದಿನ ಚಿಕ್ಕಪ್ಪ ಹೇಳಿದ ಮೊದಲ ಮಾತು ಇದು. ಹಳೇ ಕಾಲದವರ ಹೆದರಿಕೆ ಅಂದುಕೊಂಡು ನಕ್ಕಿದ್ದೆ. ಆದರೂ ಅಭ್ಯಾಸ ಮಾತ್ರ ಹಾಗೇ ಉಳಿದುಕೊಂಡಿತ್ತು. ಹೋದ ನವೆಂಬರ್‌ನಲ್ಲಿ, ಬೆಳ್ಳೂರು ಕ್ರಾಸ್ ದಾಟಿ ಹಾಸನದ ಕಡೆ ಹೋಗುವಾಗ, ಆ ಎರಡು ಬೆರಳೇ ನನ್ನನ್ನೂ ಹಿಂದೆ ಕೂತಿದ್ದ ಹೆಂಡತಿಯನ್ನೂ ಉಳಿಸಿದವು.

ಗಾಡಿ 80ರ ಹತ್ತಿರ ಇತ್ತು. ಎಂಜಿನ್ ಸದ್ದು ಒಂದು ಕ್ಷಣ ಬಿಗಿಯಾದಂತಾಯಿತು, ಮರುಕ್ಷಣ ಹಿಂದಿನ ಚಕ್ರ ಲಾಕ್! ಟೈರ್ ಕಿರುಚಿತು, ಗಾಡಿಯ ಹಿಂಭಾಗ ಎಡಕ್ಕೆ ಜಾರಿತು. ಯೋಚನೆ ಮಾಡುವ ಮೊದಲೇ ಬೆರಳು ಕ್ಲಚ್ ಎಳೆದಿತ್ತು. ಚಕ್ರ ಬಿಟ್ಟುಕೊಂಡಿತು, ಗಾಡಿ ತೇಲುತ್ತಾ ರಸ್ತೆಯ ಪಕ್ಕಕ್ಕೆ ಬಂತು. ಹಿಂದೆ ಲಾರಿ ಇರಲಿಲ್ಲ, ಅದು ನಮ್ಮ ಪುಣ್ಯ. ಹೆಂಡತಿ ಇಳಿದು, ಹೆಲ್ಮೆಟ್ ತೆಗೆದು, ಒಂದು ಮಾತೂ ಆಡದೆ ಮೈಲಿಗಲ್ಲಿನ ಮೇಲೆ ಕೂತಳು. ಬೈದಿದ್ದರೆ ವಾಸಿ ಇತ್ತು.

ಈ ಅಂಕಣಕ್ಕೆ ಹೊಸಬರಾಗಿದ್ದರೆ ಗಾಡಿಯ ಪರಿಚಯ ಹೇಳಿಬಿಡ್ತೀನಿ. ಚಿಕ್ಕಪ್ಪ 1986ರಲ್ಲಿ ಕೊಂಡ ರಾಜ್‌ದೂತ್ 350. ಯಮಹಾದ ಆರ್‌ಡಿ350 ಬೈಕನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ನಮ್ಮ ದೇಶದಲ್ಲಿ ತಯಾರಿಸಿದ ರೂಪ ಇದು. 347 ಸಿಸಿ, ಎರಡು ಸಿಲಿಂಡರ್, ಆರು ಗೇರ್. ಹೈ ಟಾರ್ಕ್ ಮಾದರಿಗೆ 30.5 ಬಿಎಚ್‌ಪಿ. ಈಗಿನ ಬೈಕುಗಳ ಮುಂದೆ ಅದೇನು ಮಹಾ ಅನ್ನಬಹುದು. ಆದರೆ ಆ ಶಕ್ತಿ ಮೆಲ್ಲಗೆ ಬರಲ್ಲ, ಒಮ್ಮೆಲೇ ಮೈಮೇಲೆ ಬರುತ್ತೆ. ಜಪಾನಿನ ಮೂಲ ಗಾಡಿಯಲ್ಲಿದ್ದ ಮುಂದಿನ ಡಿಸ್ಕ್ ಬ್ರೇಕಿನ ಜಾಗದಲ್ಲಿ ನಮ್ಮವರು ಡ್ರಮ್ ಹಾಕಿದರು. ಓಡಲು ಕುದುರೆ, ನಿಲ್ಲಲು ಎತ್ತಿನಗಾಡಿ.

ಇಂಥ ಗಾಡಿಗೆ ನಾನೇನು ಮಾಡಿದ್ದೆ ಗೊತ್ತಾ? ಬೋನಸ್ ಬಂದ ತಿಂಗಳು ಎರಡು ಎಕ್ಸ್‌ಪ್ಯಾನ್ಶನ್ ಚೇಂಬರ್ ತರಿಸಿ ಹಾಕಿದೆ. ಹೊಟ್ಟೆ ಉಬ್ಬಿದ ಆ ಸೈಲೆನ್ಸರ್ ಬರೀ ಶೋಕಿಗಲ್ಲ. ಹೊಗೆಯ ಜೊತೆ ಹೊರಗೆ ಓಡಿದ ಒತ್ತಡದ ಅಲೆ ಅದರ ತುದಿಯ ಇಳಿಜಾರಿಗೆ ಬಡಿದು ವಾಪಸ್ ಬಂದು, ಸಿಲಿಂಡರ್‌ನಿಂದ ತಪ್ಪಿಸಿಕೊಂಡ ಹೊಸ ಮಿಶ್ರಣವನ್ನು ಒಳಗೆ ತಳ್ಳುತ್ತೆ. ಅದರ ಜೊತೆಗೆ ಏರ್ ಫಿಲ್ಟರ್ ಡಬ್ಬಿ ಕಿತ್ತು ಫೋಮ್ ಫಿಲ್ಟರ್ ಹಾಕಿದೆ. ಎಂಜಿನ್ ಈಗ ಜಾಸ್ತಿ ಗಾಳಿ ಎಳೆಯುತ್ತೆ, ಅದಕ್ಕೆ ತಕ್ಕಂತೆ ಕಾರ್ಬುರೇಟರ್‌ನ ಮೇನ್ ಜೆಟ್ ದೊಡ್ಡದು ಮಾಡಬೇಕು ಅನ್ನೋದು ಗೊತ್ತಿತ್ತು. ‘ಮುಂದಿನ ಭಾನುವಾರ ಮಾಡೋಣ’ ಅಂದೆ. ಆ ಭಾನುವಾರ ಬರಲೇ ಇಲ್ಲ.

ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದರೆ ಎಂಜಿನ್ ಒಳಗೆ ಬೆಂಕಿಯ ಕಾವು ಏರುತ್ತೆ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡುವ ಸ್ಲೀವ್ ಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತೆ. ಜಾಗ ಸಾಲದೆ ಕಚ್ಚಿಕೊಳ್ಳುತ್ತೆ. ಇದೇ ‘ಸೀಜ್’.

ಗೂಡ್ಸ್ ಆಟೋದಲ್ಲಿ ಗಾಡಿ ಹಾಸನದ ಮನೆ ತಲುಪಿತು. ಚಿಕ್ಕಪ್ಪ ಗಾಡಿಯ ಕಡೆ ನೋಡಲೂ ಇಲ್ಲ. ‘ಅವಳಿಗೇನೂ ಆಗ್ಲಿಲ್ಲ ತಾನೆ?’ ಅಂದರು. ಆಮೇಲೆ ಸಂಜೆ ಶೆಡ್‌ಗೆ ಬಂದರು. ಜೆಟ್ ವಿಷಯ ಒಪ್ಪಿಕೊಂಡೆ. ಅವರು ಎರಡೂ ಸೈಲೆನ್ಸರ್ ಬಿಚ್ಚಿಸಿ, ಪಿಸ್ಟನ್ ಕಾಣುವ ಕಿಂಡಿಗೆ ಟಾರ್ಚ್ ಹಿಡಿದರು. ಎಡಗಡೆಯದರ ಮೇಲೆ ಉದ್ದುದ್ದ ಗೀರು. ಬಲಗಡೆಯದು ನುಣುಪಾಗಿತ್ತು.

‘ಜೆಟ್ ಎರಡಕ್ಕೂ ಚಿಕ್ಕದೇ ಅಲ್ವೇನೋ? ಹಾಗಾದ್ರೆ ಒಂದೇ ಯಾಕೆ ಹಿಡ್ಕೊಂಡಿದೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ಲಗ್ ಬಿಚ್ಚಿ ನೋಡಿದೆವು. ಬಲಗಡೆಯದು ಇರಬೇಕಾದ ಕಂದು ಬಣ್ಣಕ್ಕಿಂತ ತಿಳಿ. ಎಡಗಡೆಯದು ಸುಣ್ಣದ ಹಾಗೆ ಬಿಳಿ. ಅಂದರೆ ಎಡಕ್ಕೆ ಬೇರೆಲ್ಲಿಂದಲೋ ಗಾಳಿ ನುಗ್ಗುತ್ತಿದೆ.

ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್-ಗಾಳಿ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬಂದು ಆಮೇಲೆ ಮೇಲಕ್ಕೆ ಹೋಗುತ್ತೆ. ಕ್ರ್ಯಾಂಕ್‌ನ ಎರಡೂ ತುದಿಯಲ್ಲಿ ರಬ್ಬರ್ ಆಯಿಲ್ ಸೀಲ್ ಕಾವಲಿಗಿರುತ್ತೆ. ಆರ್‌ಡಿಯಲ್ಲಿ ಬಲಗಡೆ ಸೀಲ್ ಸೋತರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತೆ, ಊರಿಗೇ ಗೊತ್ತಾಗುತ್ತೆ. ಎಡಗಡೆಯದು ಸೋತರೆ ಸುಮ್ಮನೆ ಗಾಳಿ ಎಳೆಯುತ್ತೆ. ಹೊಗೆ ಇಲ್ಲ, ಸದ್ದಿಲ್ಲ. ಅಪಾಯ ಇರೋದು ಅಲ್ಲೇ.

ಎಂಜಿನ್ ಬಿಚ್ಚುವ ಮೊದಲು ಇದನ್ನು ಪರೀಕ್ಷೆ ಮಾಡಬೇಕು, ಬಿಚ್ಚಿದ ಮೇಲೆ ಸಾಕ್ಷಿ ಉಳಿಯಲ್ಲ. ಕಾರ್ಬುರೇಟರ್ ಕೂರುವ ಬಾಯಿ, ಸೈಲೆನ್ಸರ್ ಬಾಯಿ ಎಲ್ಲವನ್ನೂ ರಬ್ಬರ್ ಬಿರಡೆಯಿಂದ ಮುಚ್ಚಿ, ಒಂದು ಬಿರಡೆಯಲ್ಲಿ ಸಣ್ಣ ಪೈಪ್ ತೂರಿಸಿ ಸುಮಾರು 6 ಪಿಎಸ್‌ಐ ಗಾಳಿ ತುಂಬಬೇಕು. ಆರು ನಿಮಿಷ ಒತ್ತಡ ನಿಂತರೆ ಎಂಜಿನ್ ಗಟ್ಟಿ. ಹೆಚ್ಚು ಗಾಳಿ ತುಂಬಿದರೆ ಒಳ್ಳೆಯ ಸೀಲೂ ಹಾಳಾಗುತ್ತೆ, ಹುಷಾರು. ಅಷ್ಟು ಕಡಿಮೆ ಒತ್ತಡ ತೋರಿಸುವ ಮೀಟರ್ ಎಲ್ಲಿ ಸಿಗುತ್ತೆ? ಚಿಕ್ಕಮ್ಮನ ಬಿಪಿ ಮಷೀನ್! ಮುಳ್ಳಿನ ಡಯಲ್ ಇರುವ ಹಳೆಯ ತರಹದ್ದು. ಅದರ 300ರ ಗುರುತು ಅಂದರೆ ಹೆಚ್ಚುಕಡಿಮೆ 6 ಪಿಎಸ್‌ಐ. ಗಾಳಿ ಒತ್ತಲು ರಬ್ಬರ್ ಬುರುಡೆಯೂ ಜೊತೆಗೇ ಇದೆ.

ಮುಳ್ಳು 300 ಮುಟ್ಟಿ, ಹತ್ತು ಎಣಿಸುವಷ್ಟರಲ್ಲಿ ಸೊನ್ನೆಗೆ ಬಂತು. ಎಡಗಡೆ ಸೀಲ್ ಮೇಲೆ ಸೋಪಿನ ನೀರು ಬಿಟ್ಟರೆ ಗುಳ್ಳೆಗಳ ಮೆರವಣಿಗೆ.

ಬಿಚ್ಚಿ ನೋಡಿದಾಗ ಸೀಲ್ ಒಣಗಿ ಹಪ್ಪಳದಂತಾಗಿತ್ತು. ಎರಡು ಹೊಸ ಸೀಲ್‌ಗೆ ಕೊಟ್ಟ ದುಡ್ಡು ಆ ಚೇಂಬರ್‌ಗಳ ಬೆಲೆಯ ಹತ್ತನೇ ಒಂದು ಪಾಲೂ ಅಲ್ಲ. ಎಡ ಸಿಲಿಂಡರ್ ಮಾತ್ರ ಹಾಳಾಗಿದ್ದರೂ ಎರಡಕ್ಕೂ ಬೋರಿಂಗ್ ಮಾಡಿಸಿ 0.50 ಓವರ್‌ಸೈಜ್ ಪಿಸ್ಟನ್ ಹಾಕಬೇಕಾಯಿತು. ಪ್ರತಿ ಬೋರಿಂಗ್‌ಗೂ ಸ್ಲೀವ್ ತೆಳುವಾಗುತ್ತೆ. ಚಿಕ್ಕಪ್ಪ ಮೂರೂವರೆ ದಶಕ ಜೋಪಾನ ಮಾಡಿದ್ದ ಗಾಡಿಯ ಆಯುಷ್ಯದಲ್ಲಿ ಒಂದು ಪದರ ನಾನು ಕೆರೆದು ತೆಗೆದೆ.

ಫ್ಯಾಕ್ಟರಿ ಸೈಲೆನ್ಸರ್, ಏರ್ ಫಿಲ್ಟರ್ ಡಬ್ಬಿ ವಾಪಸ್ ಬಂದವು. ಕಾನೂನೂ ಅದನ್ನೇ ಹೇಳುತ್ತೆ: ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ ಅನ್ನುತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಆದರೆ ನಾನು ವಾಪಸ್ ಹಾಕಿದ್ದು ಪೊಲೀಸರ ಭಯಕ್ಕಲ್ಲ, ಮೈಲಿಗಲ್ಲಿನ ಮೇಲೆ ಕೂತಿದ್ದ ಮುಖ ನೆನಪಾಗಿ.

ಜೋಡಿಸಿ ಮುಗಿಸಿದ ದಿನ ಮತ್ತೆ ಬಿಪಿ ಮಷೀನ್ ಬಂತು. ಈ ಸಲ ಬುರುಡೆ ಒತ್ತಿದ್ದು ಹೆಂಡತಿ. ‘ಮುಳ್ಳು ನಿಂತ್ರೆ ಕೂರ್ತೀನಿ, ಇಲ್ಲಾಂದ್ರೆ ಬಸ್ಸು’ ಅಂದಳು. ಮೊಬೈಲ್‌ನಲ್ಲಿ ಆರು ನಿಮಿಷ ಟೈಮರ್ ಇಟ್ಟು, ಡಯಲ್‌ನಿಂದ ಕಣ್ಣು ತೆಗೆಯದೆ ನೋಡಿದಳು. ನಾನು ಉಸಿರು ಬಿಗಿಹಿಡಿದಿದ್ದೆ. ಮುಳ್ಳು ಅಲ್ಲಾಡಲಿಲ್ಲ.

ಆವತ್ತು ಬಡಾವಣೆಯ ಕೊನೆಯ ಟೀ ಅಂಗಡಿ ತನಕ ಮಾತ್ರ ಬಂದಳು, 30ರ ವೇಗದಲ್ಲಿ. ಹೊಸ ಪಿಸ್ಟನ್‌ಗೂ ಅಷ್ಟೇ ವೇಗ ಒಳ್ಳೆಯದಿತ್ತು.

ನಿಮ್ಮ ಮನೆಯಲ್ಲೂ ಅಪ್ಪನದೋ ಮಾವನದೋ ಹಳೇ ಟೂ ಸ್ಟ್ರೋಕ್ ನಿಂತಿದ್ದರೆ ನನ್ನದೊಂದು ಮಾತು. ಮೊದಲು ಬ್ರೇಕ್ ಮತ್ತು ಟೈರ್, ಆಮೇಲೆ ಸೀಲ್ ಮತ್ತು ಆಯಿಲ್ ಪಂಪ್, ಅದಾದ ಮೇಲೆ ಕಾರ್ಬುರೇಟರ್ ಮತ್ತು ಟೈಮಿಂಗ್. ಇವೆಲ್ಲ ಸರಿಹೋದ ಮೇಲೆ ಜಾಸ್ತಿ ಪವರ್ ಬೇಕಾ ಅಂತ ಒಂದು ಸಲ ಓಡಿಸಿ ನೋಡಿ. ಬಹಳ ಸಲ ಬೇಕು ಅನ್ನಿಸೋದೇ ಇಲ್ಲ. ಮತ್ತೆ, ಎರಡು ಬೆರಳು ಕ್ಲಚ್ ಮೇಲೇ ಇರಲಿ.

ಮುಂದಿನ ಸಲ ಡ್ರಮ್ ಬ್ರೇಕ್ ಬಗ್ಗೆ ಬರೀತೀನಿ.