ಎಂ.ಆರ್.ಪಿ. ಇಳಿಯದೆ ಜನರಿಕ್ ಅಗ್ಗವಾಗದು

ಕೆಲವು ವರ್ಷಗಳ ಹಿಂದೆ ಔಷಧ ಮಳಿಗೆಯೊಂದರ ಲೆಕ್ಕ ಪರಿಶೋಧನೆಯ ವೇಳೆ ದಾಸ್ತಾನಿನ ಮೌಲ್ಯಮಾಪನವು ನನ್ನನ್ನು ತಬ್ಬಿಬ್ಬುಗೊಳಿಸಿತು. ಎಂ.ಆರ್.ಪಿ.ಯಿಂದ ಶೇಕಡಾ 20ರಷ್ಟು ಲಾಭಾಂಶವನ್ನು ಕಳೆದು ಉಳಿದುದನ್ನು ದಾಸ್ತಾನಿನ ಮೌಲ್ಯವೆಂದು ತೋರಿಸುವುದು ಆ ಮಳಿಗೆಯ ರೂಢಿ. ಖರೀದಿ ಬಿಲ್ಲುಗಳೊಡನೆ ತಾಳೆ ನೋಡಿದರೆ ಲೆಕ್ಕ ಕೂಡಿಬರಲಿಲ್ಲ. ಅಸಿಡಿಟಿಗೆ ಕೊಡುವ, ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್ ಬೆರೆತ 10 ಗುಳಿಗೆಗಳ ಸ್ಟ್ರಿಪ್ಪೊಂದರ ಖರೀದಿ ದರ ರೂ. 12.50, ಆಗಿನ ಶೇಕಡಾ 12ರ ಜಿ.ಎಸ್.ಟಿ. ಸೇರಿ ರೂ. 14. ಮುದ್ರಿತ ಬೆಲೆ ರೂ. 98! ಮಾಲೀಕರು ಏನನ್ನೂ ಮುಚ್ಚಿಡಲಿಲ್ಲ. “ಅದು ಜನರಿಕ್ ಸಾರ್” ಎಂದಷ್ಟೇ ಹೇಳಿದರು.

ಗ್ರಾಹಕನಿಗೆ ಶೇಕಡಾ 20ರ ರಿಯಾಯಿತಿ ನೀಡಿ ರೂ. 78.40ಕ್ಕೆ ಮಾರಿದರೂ, ತೆರಿಗೆ ಕಳೆದು ಮಳಿಗೆಗೆ ರೂ. 57.50 ಉಳಿಯುತ್ತದೆ. ಗ್ರಾಹಕನೋ, ರಿಯಾಯಿತಿ ದೊರೆತ ಸಂತೋಷದಲ್ಲಿ ಮನೆಗೆ ಹೋಗುತ್ತಾನೆ. ವೈದ್ಯಕೀಯ ಪ್ರತಿನಿಧಿಗಳ ಓಡಾಟವಿಲ್ಲದೆ ನೇರವಾಗಿ ಅಂಗಡಿಗೆ ಬರುವ ಇಂತಹ ಔಷಧಗಳಲ್ಲಿ ಪ್ರಚಾರದ ವೆಚ್ಚ ಉಳಿಯುವುದು ನಿಜ. ಆದರೆ ಆ ಉಳಿತಾಯವು ರೋಗಿಯನ್ನು ತಲಪುವುದಿಲ್ಲ.

ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂಬುದೇ ಸೋಜಿಗ. 1995ರ ಬೆಲೆ ನಿಯಂತ್ರಣ ಆದೇಶವು ಉತ್ಪಾದನಾ ವೆಚ್ಚವನ್ನು ಆಧರಿಸಿತ್ತು. 2013ರ ಆದೇಶವು ಅದನ್ನು ಕೈಬಿಟ್ಟು, ಶೇಕಡಾ 1 ಅಥವಾ ಅದಕ್ಕೂ ಮಿಗಿಲಾದ ಮಾರುಕಟ್ಟೆ ಪಾಲುಳ್ಳ ತಯಾರಿಕೆಗಳ ಬೆಲೆಗಳ ಸರಳ ಸರಾಸರಿಗೆ ಚಿಲ್ಲರೆ ವ್ಯಾಪಾರಿಯ ಶೇಕಡಾ 16ನ್ನು ಸೇರಿಸಿ ಗರಿಷ್ಠ ಬೆಲೆಯನ್ನು ನಿಗದಿಪಡಿಸುವ ವಿಧಾನವನ್ನು ತಂದಿತು. ಅದೂ ಅನುಸೂಚಿತ ಔಷಧಗಳಿಗೆ ಮಾತ್ರ. ಉಳಿದ ಬಹುಪಾಲು ಔಷಧಗಳಿಗೆ, ಮೇಲೆ ಹೇಳಿದ ಸಂಯುಕ್ತ ಗುಳಿಗೆಯಂಥವಕ್ಕೆ, ಇರುವ ಪ್ರಮುಖ ಅಂಕುಶವೆಂದರೆ ಎಂ.ಆರ್.ಪಿ.ಯು 12 ತಿಂಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಏರಬಾರದೆಂಬುದು. ಮೊದಲ ದಿನವೇ 98 ಎಂದು ಮುದ್ರಿಸಿದವನಿಗೆ ಇದರಿಂದ ಯಾವ ಬಾಧಕವೂ ಇಲ್ಲ.

2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಸ್ವಾಗತಾರ್ಹವೇ. ಆದರೆ 98 ರೂಪಾಯಿಯ ಮೇಲೆ ಇದರಿಂದಾಗುವ ಇಳಿಕೆ ಸುಮಾರು ರೂ. 6.12 ಮಾತ್ರ.

2019ರಲ್ಲಿ ಸರ್ಕಾರವು 42 ಕ್ಯಾನ್ಸರ್ ಔಷಧಗಳ ವ್ಯಾಪಾರ ಲಾಭಾಂಶವನ್ನು ಶೇಕಡಾ 30ಕ್ಕೆ ಮಿತಿಗೊಳಿಸಿತು. ಅದೇ ಸೂತ್ರವನ್ನು ನಮ್ಮ ಸ್ಟ್ರಿಪ್ಪಿಗೆ ಅನ್ವಯಿಸಿದರೆ ರೂ. 12.50ನ್ನು ಶೇಕಡಾ 70ರಿಂದ ಭಾಗಿಸಿ, ಶೇಕಡಾ 5ರ ತೆರಿಗೆ ಸೇರಿಸಿ, ಅಧಿಕವೆಂದರೆ ರೂ. 18.75 ಆಗುತ್ತದೆ. ಇಲ್ಲಿ ಔಷಧ ವ್ಯಾಪಾರಿ ಬಂಧುಗಳ ಆಕ್ಷೇಪವನ್ನು ನಾನು ಅಲ್ಲಗಳೆಯಲಾರೆ: ಸ್ಟ್ರಿಪ್ಪಿಗೆ ಐದು ರೂಪಾಯಿ ಉಳಿದರೆ ಬಾಡಿಗೆ, ಫಾರ್ಮಸಿಸ್ಟರ ಸಂಬಳ, ಅವಧಿ ಮೀರಿದ ಸರಕಿನ ನಷ್ಟ ಇವೆಲ್ಲ ಹೇಗೆ ತೂಗೀತು? ಅಗ್ಗದ ಔಷಧವನ್ನು ಇಡುವುದನ್ನೇ ಅವರು ನಿಲ್ಲಿಸಿಯಾರು. ಆದ್ದರಿಂದ ಏಕರೂಪದ ಮಿತಿಗಿಂತ ಹಂತವಾರು ಮಿತಿ ಲೇಸು. ಇಪ್ಪತ್ತು ರೂಪಾಯಿಯೊಳಗಿನ ಔಷಧಕ್ಕೆ ಶೇಕಡಾ 50ರಷ್ಟೇ ಬಿಡಲಿ, ದುಬಾರಿಯದಕ್ಕೆ ಇಳಿಸುತ್ತ ಹೋಗಲಿ. ಈ ಬಗೆಯ ಮನವಿಯನ್ನು ನಮ್ಮ ಸಂಸ್ಥೆಯೇ ಸಲ್ಲಿಸುವುದು ಸೂಕ್ತ.

ಅಲ್ಲಿಯವರೆಗೆ ರೋಗಿಗೆ ಉಳಿದಿರುವುದು 2008ರಲ್ಲಿ ಆರಂಭವಾದ ಜನೌಷಧಿ ಮಳಿಗೆಗಳ ದಾರಿ. ಅಲ್ಲಿ ಮುದ್ರಿತ ಬೆಲೆಯೇ ಕಡಮೆ. ನಡೆಸುವವರಿಗೆ ಶೇಕಡಾ 20ರ ಲಾಭಾಂಶವೂ ಉಂಟು. ಆದರೆ ವೈದ್ಯರು ಬ್ರ್ಯಾಂಡ್ ಹೆಸರನ್ನೇ ಬರೆದಿದ್ದರೆ, ಎಚ್ ಅನುಸೂಚಿಯ ಔಷಧವನ್ನು ಫಾರ್ಮಸಿಸ್ಟರು ಬದಲಿಸಿ ಕೊಡುವಂತಿಲ್ಲ. ಚೀಟಿ ಬರೆಯುವಾಗಲೇ ಔಷಧದ ಮೂಲ ಹೆಸರನ್ನು ಬರೆಯುವಂತೆ ವೈದ್ಯರನ್ನು ಕೇಳಬೇಕಾಗುತ್ತದೆ.