ಸ್ವತಂತ್ರ ಚಿತ್ರಕ್ಕೆ ಸ್ವಂತ ಪರದೆಯೂ ಬೇಕು

ಸ್ವತಂತ್ರ ಸಿನಿಮಾ ಎಂದೊಡನೆ ಚಿತ್ರ ತಯಾರಿಸುವ ಸ್ವಾತಂತ್ರ್ಯದ ಬಗ್ಗೆಯೇ ಚರ್ಚೆ ನಡೆಯುತ್ತದೆ. ತಯಾರಾದ ಚಿತ್ರವನ್ನು ಜನರಿಗೆ ತಲುಪಿಸುವವರು ಯಾರು, ಅದರ ಒಡೆತನ ಯಾರದ್ದು ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಇಥಿಯೋಪಿಯಾ ಮೂಲದ ನಿರ್ದೇಶಕ ಹೈಲೆ ಗೆರಿಮಾ ಅಮೆರಿಕದಲ್ಲಿ ನೆಲೆಸಿ, ಅರ್ಧ ಶತಮಾನದ ದುಡಿಮೆಯಲ್ಲಿ ಕೈಬಿಡದೆ ಹಿಡಿದದ್ದು ಈ ಪ್ರಶ್ನೆಗಳನ್ನೇ.

1946ರಲ್ಲಿ ಗೊಂಡಾರ್‌ನಲ್ಲಿ ಜನಿಸಿದ ಗೆರಿಮಾ ರಂಗಭೂಮಿಯ ವಿದ್ಯಾರ್ಥಿಯಾಗಿ 1967ರಲ್ಲಿ ಷಿಕಾಗೊ ಸೇರಿದರು. ನಂತರ ಲಾಸ್ ಏಂಜಲೀಸ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿನಿಮಾ ವಿದ್ಯಾರ್ಥಿಯಾದರು. ಹಾಲಿವುಡ್‌ನ ಮಗ್ಗುಲಲ್ಲೇ ಇದ್ದು ಅದರ ಮಾದರಿಯನ್ನು ನಿರಾಕರಿಸಿದ ಚಾರ್ಲ್ಸ್ ಬರ್ನೆಟ್, ಜೂಲಿ ಡ್ಯಾಶ್ ಮೊದಲಾದ ಕಪ್ಪು ನಿರ್ದೇಶಕರ ಪೀಳಿಗೆಗೆ ಅವರು ಸೇರಿದವರು. ಚಕ್ರವರ್ತಿ ಹೈಲೆ ಸೆಲಾಸಿ ಪದಚ್ಯುತರಾದ 1974ರಲ್ಲಿ ತಾಯ್ನಾಡಿಗೆ ಹೋಗಿ, ಜಮೀನುದಾರನ ಕೆಳಗೆ ನಲುಗುವ ರೈತ ಕುಟುಂಬವನ್ನು ಕುರಿತ 'ಹಾರ್ವೆಸ್ಟ್: 3000 ಇಯರ್ಸ್' ಚಿತ್ರವನ್ನು ಅಮ್ಹಾರಿಕ್ ಭಾಷೆಯಲ್ಲಿ ಚಿತ್ರೀಕರಿಸಿದರು.

ಅವರ ನಿಲುವಿಗೆ ನಿಜವಾದ ಪರೀಕ್ಷೆ ಎದುರಾದದ್ದು 'ಸಂಕೋಫಾ' ಚಿತ್ರದಿಂದ. ಗುಲಾಮರನ್ನು ಮೂಕ ಬಲಿಪಶುಗಳಾಗಿ ಅಲ್ಲ, ಬಂಡೆದ್ದ ಮನುಷ್ಯರಾಗಿ ಕಂಡ ಈ ಚಿತ್ರ 1993ರಲ್ಲಿ ಬರ್ಲಿನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿತ್ತು. ಆದರೂ ಅಮೆರಿಕದ ವಿತರಕರು ಮುಂದೆ ಬರಲಿಲ್ಲ. ಗೆರಿಮಾ ಮತ್ತು ಅವರ ಪತ್ನಿ, ನಿರ್ದೇಶಕಿ ಶಿರಿಕಿಯಾನಾ ಐನಾ ಊರೂರಿನಲ್ಲಿ ಚಿತ್ರಮಂದಿರಗಳನ್ನು ಬಾಡಿಗೆಗೆ ಹಿಡಿದರು. ಕಪ್ಪು ಸಮುದಾಯ ಬಾಯಿಮಾತಿನಿಂದಲೇ ಪ್ರಚಾರ ಮಾಡಿತು. ಜನ ಈ ಚಿತ್ರ ನೋಡುವುದಿಲ್ಲ ಎಂಬ ಮಾರುಕಟ್ಟೆಯ ತೀರ್ಪನ್ನು ಜನರೇ ಸುಳ್ಳಾಗಿಸಿದರು.

ಈ ಹಾದಿಗೆ ತೆತ್ತ ಬೆಲೆಯೇನೂ ಸಣ್ಣದಲ್ಲ. 'ಸಂಕೋಫಾ' ನಂತರದ ಕಥಾಚಿತ್ರ 'ತೆಜಾ' ಬಂದದ್ದು 2008ರಲ್ಲಿ, ಅಂದರೆ 15 ವರ್ಷಗಳ ಬಳಿಕ. ಅದು ವೆನಿಸ್‌ನಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿಯನ್ನೂ, 2009ರಲ್ಲಿ ಆಫ್ರಿಕಾದ ಪ್ರತಿಷ್ಠಿತ ಫೆಸ್ಪಾಕೊ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನೂ ಪಡೆಯಿತು. ಪ್ರಶಸ್ತಿಗಳು ಕಳೆದ ಕಾಲವನ್ನು ಹಿಂದಿರುಗಿಸಲಾರವು. ರಾಜಿಗೆ ಒಪ್ಪಿದ್ದರೆ ಇನ್ನಷ್ಟು ಚಿತ್ರಗಳು ಬರುತ್ತಿದ್ದವು ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಅವು ಗೆರಿಮಾ ಅವರ ಚಿತ್ರಗಳಾಗಿ ಉಳಿಯುತ್ತಿದ್ದವೇ?

ಇಲ್ಲಿ ಮರೆಯಬಾರದ ಮತ್ತೊಂದು ಸಂಗತಿಯಿದೆ. ಈ ಹಠ ಬರಿಗೈಯದ್ದಲ್ಲ. ಕಪ್ಪು ಸಮುದಾಯದ ವಿದ್ಯಾಕೇಂದ್ರವಾದ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ದೊರೆತ ಅಧ್ಯಾಪನ ವೃತ್ತಿ ಬದುಕಿಗೆ ಆಧಾರವಾಯಿತು. ಅದರ ಎದುರಿಗೇ ದಂಪತಿ 'ಸಂಕೋಫಾ' ಹೆಸರಿನ ಪುಸ್ತಕದಂಗಡಿ ತೆರೆದರು. ವಿತರಣೆಗೆ ಸ್ವಂತ ಸಂಸ್ಥೆ ಕಟ್ಟಿದರು.

2021ರಲ್ಲಿ 'ಸಂಕೋಫಾ' ಹೊಸ ಪ್ರತಿಯಾಗಿ ನೆಟ್‌ಫ್ಲಿಕ್ಸ್‌ಗೆ ಬಂತು. ಅದೇ ವರ್ಷ ಲಾಸ್ ಏಂಜಲೀಸ್‌ನ ಅಕಾಡೆಮಿ ಮ್ಯೂಸಿಯಂ ಅವರನ್ನು ಗೌರವಿಸಿತು. ಇದು ಸ್ವಾಗತಾರ್ಹ. ಆದರೆ ಅಂತರ್ಜಾಲದ ವೇದಿಕೆಯೂ ಬೇರೆಯವರ ಮನೆಯೇ; ಮಾಲೀಕರ ಇಚ್ಛೆ ಬದಲಾದರೆ ಚಿತ್ರ ಅಲ್ಲಿಂದ ಹೊರಬೀಳಬಹುದು. ಆದ್ದರಿಂದ ಸ್ವತಂತ್ರ ನಿರ್ದೇಶಕರಿಗೆ ಮುಪ್ಪಿನಲ್ಲಿ ಸನ್ಮಾನ ಮಾಡುವುದಕ್ಕಿಂತ, ದುಡಿಯುವ ವಯಸ್ಸಿನಲ್ಲಿ ಪರದೆ ಒದಗಿಸುವುದು ಮುಖ್ಯ. ವಿಶ್ವವಿದ್ಯಾಲಯಗಳು, ಚಿತ್ರೋತ್ಸವಗಳು, ಸರ್ಕಾರಗಳು ನಿರ್ಮಾಣಕ್ಕೆ ನೀಡುವ ನೆರವಿನಲ್ಲಿ ಒಂದು ಪಾಲನ್ನಾದರೂ ವಿತರಣೆಗೆ ಮೀಸಲಿಡಬೇಕು. ನೋಡುಗನನ್ನು ತಲುಪದ ಚಿತ್ರದ ಸ್ವಾತಂತ್ರ್ಯ ಅರ್ಧ ಸ್ವಾತಂತ್ರ್ಯ ಮಾತ್ರ.