ಲಸಾನ್ಯದಿಂದ ಕನ್ನಡ ಕೆಟ್ಟೀತೆ?

ಸಂಸ್ಕೃತಿಯ ವಿಷಯದಲ್ಲಿ ನಮ್ಮ ವಿದ್ಯಾವಂತರಿಗಿರುವ ಆತಂಕ ಬಹು ವಿಚಿತ್ರವಾದದ್ದು. ಅದು ಯಾವಾಗ ಎಚ್ಚರಗೊಳ್ಳುತ್ತದೆ, ಯಾವಾಗ ನಿದ್ದೆಹೋಗುತ್ತದೆ ಎಂದು ಹೇಳುವುದು ಕಷ್ಟ. ನಮ್ಮ ತಾಲ್ಲೂಕು ಊರುಗಳಲ್ಲಿ ಸಂಜೆಯಾದರೆ ಗೋಬಿ ಮಂಚೂರಿಯ ಗಾಡಿಗಳ ಮುಂದೆ ಜನ ಮುತ್ತಿಕೊಳ್ಳುತ್ತಾರೆ. ಅದಕ್ಕೆ ಬೆರೆಸುತ್ತಿದ್ದ ಕೃತಕ ಬಣ್ಣವನ್ನು 2024ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರವೇ ನಿಷೇಧಿಸಬೇಕಾಯಿತು. ಅಲ್ಲಿಯವರೆಗೆ ಆ ಕೆಂಪು ತಟ್ಟೆಯ ಮುಂದೆ ನಿಂತು ಸಂಸ್ಕೃತಿಯ ಮಾತೆತ್ತಿದವರನ್ನು ನಾನು ಕಾಣಲಿಲ್ಲ. ಆದರೆ ಕನ್ನಡ ಪಾಠ ಹೇಳುವ ಒಬ್ಬ ಮನುಷ್ಯ ಸೊರಬದ ತನ್ನ ಅಕ್ಕನ ಮನೆಯಲ್ಲಿ ಲಸಾನ್ಯವೆಂಬ ಇಟಲಿಯ ಅಡುಗೆಯನ್ನು ಮೊದಲ ಬಾರಿಗೆ ಕೈಯಾರೆ ಮಾಡಿ ಉಂಡನೆಂದು ಶಿಕಾರಿಪುರದಲ್ಲಿ ತಿಳಿದದ್ದೇ ತಡ, ಸಂಸ್ಕೃತಿ ಧಡಕ್ಕನೆ ಎದ್ದು ಕೂತಿತು.

“ಏನು ಮೇಷ್ಟ್ರೇ, ಪಂಪನನ್ನು ಬಿಟ್ಟು ಪಿಜ್ಜಾ ಹಿಡಿದಿರಂತೆ?” ಎಂದರು ಹಿರಿಯ ಮಿತ್ರರೊಬ್ಬರು.

“ಪಿಜ್ಜಾ ಅಲ್ಲ ಸಾರ್, ಲಸಾನ್ಯ.”

“ಎರಡೂ ಒಂದೇ ಬಿಡಿ. ನೀವೇ ಹೀಗಾದರೆ ಪತ್ರೊಡೆ ಉಳಿಯುವುದು ಹೇಗೆ? ಕನ್ನಡ ಉಳಿಯುವುದು ಹೇಗೆ?”

ಬರಿಯ ಹಾಸ್ಯವಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಇದೇ ಮಾತನ್ನು ಸಭೆಗಳಲ್ಲಿಯೂ ಕೇಳಿದ್ದೇನೆ, ಚಪ್ಪಾಳೆ ಬಿದ್ದದ್ದನ್ನೂ ನೋಡಿದ್ದೇನೆ. ಆದ್ದರಿಂದ ಉತ್ತರ ಕೊಡುವುದು ಉಚಿತ.

ಮೊದಲು ಈ ‘ಪರದೇಶ’ದ ಮಾತನ್ನು ವಿಚಾರಿಸೋಣ. ಶಿಕಾರಿಪುರದ ಕಡೆಯ ಮೆಕ್ಕೆಜೋಳದ ಹೊಲಗಳನ್ನೂ ಸೊರಬದ ಕಡೆಯ ಅನಾನಸು ತೋಟಗಳನ್ನೂ ಕಂಡವರು ಅವು ಅನಾದಿಯಿಂದ ಇಲ್ಲಿದ್ದ ಬೆಳೆಗಳೆಂದೇ ತಿಳಿದಾರು. ಎರಡೂ ಅಮೆರಿಕ ಖಂಡದಿಂದ ಬಂದವು. ಮೆಣಸಿನಕಾಯಿಯೂ ಅಲ್ಲಿನದೇ, ಪೋರ್ಚುಗೀಸರ ಹಡಗುಗಳ ಕಾಲದಲ್ಲಿ, 16ನೆಯ ಶತಮಾನದಲ್ಲಿ, ನಮ್ಮ ಕರಾವಳಿಗೆ ಇಳಿಯಿತು. ಅದಕ್ಕೆ ಮೊದಲು ನಮ್ಮ ಖಾರಕ್ಕೆ ಕಾಳುಮೆಣಸೇ ಒಡೆಯ. ಹೊಸದಾಗಿ ಬಂದ ಕಾಯಿಗೆ ನಮ್ಮ ಹಿರಿಯರು ಹಳೆಯ ಮೆಣಸಿನ ಹೆಸರನ್ನೇ ಹಚ್ಚಿ ಮನೆಯೊಳಗೆ ಸೇರಿಸಿಕೊಂಡರು. ಅವರೂ ನಮ್ಮ ಮಿತ್ರರಂತೆ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದರೆ ಇಂದಿನ ಸಾರಿಗೆ ಗತಿಯೇನಾಗುತ್ತಿತ್ತು?

ಇಟಲಿಯವರ ಕಥೆಯೂ ಇಷ್ಟೇ. ಲಸಾನ್ಯವೆಂದರೆ ಟೊಮೆಟೊ ಎಂದು ನಾವು ತಿಳಿದಿದ್ದೇವೆ. ಆದರೆ 14ನೆಯ ಶತಮಾನದ ‘ಲಿಬೆರ್ ದೆ ಕೊಕ್ವಿನಾ’ ಎಂಬ ಲ್ಯಾಟಿನ್ ಪಾಕಗ್ರಂಥದಲ್ಲಿ ಲಸಾನ್ಯವಿದೆ, ಟೊಮೆಟೊ ಇಲ್ಲ. ಇರಲು ಸಾಧ್ಯವೂ ಇಲ್ಲ, ಕೊಲಂಬಸನು ಹಡಗು ಹತ್ತಿದ್ದೇ 1492ರಲ್ಲಿ. ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ನೀರಿನಲ್ಲಿ ಬೇಯಿಸಿ, ನಡುವೆ ಚೀಸನ್ನೂ ಮಸಾಲೆ ಪುಡಿಯನ್ನೂ ಉದುರಿಸುತ್ತ ಪದರ ಕಟ್ಟುವುದೇ ಆಗಿನ ಲಸಾನ್ಯ. ಇಂದು ಬೊಲೊನ್ಯದಲ್ಲಿ ಪಾಲಕ್ ಬೆರೆಸಿದ ಹಸಿರು ಹಾಳೆ, ಮಾಂಸದ ಗೊಜ್ಜು, ಹಾಲಿನ ಬಿಳಿ ಗೊಜ್ಜು. ನೇಪಲ್ಸಿನಲ್ಲಿ ಕಾರ್ನಿವಲ್ ಹಬ್ಬಕ್ಕೆ ರಿಕೊಟಾ, ಮಾಂಸದ ಸಣ್ಣ ಉಂಡೆ, ಬೇಯಿಸಿದ ಮೊಟ್ಟೆ. ಅವರಲ್ಲೇ ಊರಿಗೊಂದು ಲಸಾನ್ಯವಿರುವಾಗ ಸೊರಬಕ್ಕೂ ಒಂದು ಇರಲಿ.

ಅದು ಆದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನ ವಾದವೆಲ್ಲ ಅದರೊಳಗೇ ಇದೆ.

ಬೊಲೊನ್ಯದ ಹಿಟ್ಟಿಗೆ ಮೊಟ್ಟೆ ಬೇಕು. ಅಕ್ಕನ ಅಡುಗೆಮನೆಗೆ ಮೊಟ್ಟೆ ಬಾರದು. ದಕ್ಷಿಣ ಇಟಲಿಯಲ್ಲಿ ಗಟ್ಟಿ ಗೋಧಿಯ ರವೆಗೆ ಬರಿಯ ನೀರು ಹಾಕಿ ಕಲಸುವ ರೂಢಿಯುಂಟೆಂದು ನಾನು ಹೇಳಿದೆ. “ಅದಕ್ಕೇಕೋ ಇಷ್ಟು ಯೋಚನೆ? ಚಿರೋಟಿ ರವೆ ಇದೆ. ಚಿರೋಟಿ ಮಾಡಿದ ಕೈಗೆ ಇದೊಂದು ದೊಡ್ಡದೇನೋ?” ಎಂದಳು ಅಕ್ಕ. 200 ಗ್ರಾಂ ಚಿರೋಟಿ ರವೆ, 100 ಗ್ರಾಂ ಮೈದಾ, ಚಿಟಿಕೆ ಉಪ್ಪು, ಉಗುರುಬೆಚ್ಚಗಿನ ನೀರು. ನಾದುವ ಕೆಲಸ ನನ್ನ ಪಾಲಿಗೆ ಬಂತು. ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟೆವು. ಅಷ್ಟರಲ್ಲಿ ಒಂದು ಕಿಲೋ ಟೊಮೆಟೊವನ್ನು ಈರುಳ್ಳಿಯೊಡನೆ ಬಾಡಿಸಿ ಬತ್ತಿಸಿದ್ದಾಯಿತು. ಹರಿವೆ ಸೊಪ್ಪನ್ನು ಬೇಯಿಸಿ, ಹಿಂಡಿ, ಪುಡಿ ಮಾಡಿದ ಪನೀರಿನೊಡನೆ ಕಲಸಿದ್ದಾಯಿತು. ಐವತ್ತು ಗ್ರಾಂ ಬೆಣ್ಣೆಯಲ್ಲಿ ಅಷ್ಟೇ ಮೈದಾವನ್ನು ಬಣ್ಣ ತಿರುಗದಂತೆ ಹುರಿದು, ಅರ್ಧ ಲೀಟರು ಹಾಲನ್ನು ಸ್ವಲ್ಪಸ್ವಲ್ಪವಾಗಿ ಎರೆದು ಗಂಟಾಗದಂತೆ ತಿರುವಿ, ಜಾಯಿಕಾಯಿ ತೇಯ್ದು ಹಾಕಿದರೆ ಬಿಳಿ ಗೊಜ್ಜು. ಹಾಳೆಗಳನ್ನು ಅಂಗೈಯ ಗೆರೆ ಕಾಣುವಷ್ಟು ತೆಳ್ಳಗೆ ಅಕ್ಕನೇ ಲಟ್ಟಿಸಿದಳು. ಕುದಿಯುವ ಉಪ್ಪುನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿ, ಬಸಿದು, ಬಟ್ಟೆಯ ಮೇಲೆ ಹರಡಿ, ಆಮೇಲೆ ಪದರ ಕಟ್ಟಿದೆವು: ಹಾಳೆ, ಕೆಂಪು, ಹಸಿರು, ಬಿಳಿ, ಮತ್ತೆ ಹಾಳೆ. ಐದು ಪದರ.

ಬೇಯಿಸುವುದಕ್ಕೆ ಅವನ್ ಇರಲಿಲ್ಲ. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ವನ್ನು ಓದಿದವರಿಗೆ ಅದು ದೊಡ್ಡ ಕೊರತೆಯಲ್ಲ. ಆತ ಹೇಳುವ ಮುಚ್ಚಳರೊಟ್ಟಿ ಬೇಯುವುದು ಮೇಲೂ ಕೆಳಗೂ ಕೆಂಡವಿಟ್ಟು. ಅಕ್ಕ ಸೂಪಶಾಸ್ತ್ರವನ್ನು ಓದಿದವಳಲ್ಲ. ಆದರೂ ನಾನು ಬಾಯಿ ತೆರೆಯುವ ಮುನ್ನವೇ ಬಚ್ಚಲ ಒಲೆಯ ಕೆಂಡವನ್ನು ಕಬ್ಬಿಣದ ಮುಚ್ಚಳದ ಮೇಲೆ ಹರಡಿದ್ದಳು. ಮುಕ್ಕಾಲು ಗಂಟೆಯಲ್ಲಿ ಮೇಲ್ಪದರ ಹೊಂಬಣ್ಣಕ್ಕೆ ತಿರುಗಿತು. ಕುಯ್ದರೆ ಐದು ಪದರವೂ ಎಣಿಸುವಂತಿದ್ದವು. “ಚೆನ್ನಾಗಿದೆ. ಖಾರ ಸಾಲದು,” ಎಂದು ಅಕ್ಕ ತೀರ್ಪು ಕೊಟ್ಟಳು.

ಇನ್ನು ಕನ್ನಡದ ವಿಷಯಕ್ಕೆ ಬರೋಣ. ಈ ಅಡುಗೆಯ ಆಸೆ ಹತ್ತಿಸಿದವಳು ಅಕ್ಕನ ಮಗಳು. ಅವಳ ಫೋನಿನಲ್ಲಿ ಒಬ್ಬ ತರುಣಿ ಈ ಪಾಕವನ್ನು ಕನ್ನಡದಲ್ಲಿಯೇ ಹೇಳಿಕೊಡುತ್ತಿದ್ದಳು. ಆ ಕನ್ನಡದ ಮಾದರಿ ಹೀಗೆ: ‘ನೀಡ್ ಮಾಡಿ, ರೋಲ್ ಮಾಡಿ, ಬಾಯ್ಲ್ ಮಾಡಿ, ಡ್ರೈನ್ ಮಾಡಿ, ಬೇಕ್ ಮಾಡಿ.’ ಐದು ಕೆಲಸಗಳಲ್ಲಿ ಕನ್ನಡಕ್ಕೆ ದಕ್ಕಿದ್ದು ‘ಮಾಡಿ’ ಎಂಬುದೊಂದೇ. ಪಕ್ಕದಲ್ಲಿ ನಿಂತ ಅಕ್ಕನ ಬಾಯಲ್ಲಿ ಕಲಸು, ನಾದು, ಲಟ್ಟಿಸು, ಬಸಿ, ಬಾಡಿಸು, ಬತ್ತಿಸು, ಹಿಂಡು, ತೇಯಿ ಎಂಬ ಮಾತುಗಳು ಹುಡುಕದೆಯೇ ಬರುತ್ತಿದ್ದವು. ಬಿಳಿ ಗೊಜ್ಜನ್ನು ಯಾವಾಗ ಇಳಿಸಬೇಕೆಂದು ಫೋನು ಒಂದು ಉದ್ದ ವಾಕ್ಯದಲ್ಲಿ ವಿವರಿಸುತ್ತಿದ್ದಾಗ ಅಕ್ಕ ಸೌಟನ್ನು ಎತ್ತಿ ನೋಡಿ, “ಹದ ಬಂತು, ಇಳಿಸು,” ಎಂದಳು. ಹದ! ಪಾಕಕ್ಕೆ ಹದ, ಹಿಟ್ಟಿಗೆ ಹದ, ಉಳುವ ಮಣ್ಣಿಗೆ ಹದ. ಎರಡಕ್ಷರದ ಈ ಮಾತಿಗೆ ಸಮನಾದ ಇಂಗ್ಲಿಷ್ ಮಾತೊಂದನ್ನು ನಮ್ಮ ಮಿತ್ರರು ದಯವಿಟ್ಟು ತೋರಿಸಲಿ.

ನನ್ನ ಅಭಿಪ್ರಾಯ ಇಷ್ಟೇ. ಲಸಾನ್ಯವೆಂಬುದು ನಾಮಪದ. ನಾಮಪದಗಳು ಅತಿಥಿಗಳಂತೆ ಬರುತ್ತವೆ. ಅನಾನಸು ಬಂತು, ಬಿಸ್ಕತ್ತು ಬಂತು, ಮನೆ ಕೆಡಲಿಲ್ಲ. ಕ್ರಿಯಾಪದಗಳು ಹಾಗಲ್ಲ, ಅವು ಮನೆಯ ಕಂಬಗಳು. ಅಡುಗೆಮನೆಯಿಂದ ‘ನಾದು’ ಎಂಬ ಮಾತು ಹೊರಟರೆ ಅದರೊಡನೆ ನಾದುವ ಕೈಯ ತಿಳಿವೂ ಹೊರಡುತ್ತದೆ. ಕಾವಲುಗಾರರು ಮುಂಬಾಗಿಲಲ್ಲಿ ಅತಿಥಿಯನ್ನು ತಡೆಯುತ್ತಿದ್ದಾರೆ. ಹಿಂಬಾಗಿಲಲ್ಲಿ ಕಂಬಗಳು ಸಾಗಿಹೋಗುತ್ತಿರುವುದು ಅವರಿಗೆ ಕಾಣದು.

ಪತ್ರೊಡೆಯ ಪ್ರಶ್ನೆ ಉಳಿಯಿತು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಳೆಯ ಅಡುಗೆಗಳು ಮರೆಯಾಗುತ್ತಿವೆ ಎಂಬುದು ನಿಜ, ದುಃಖದ ಸಂಗತಿಯೂ ಹೌದು. ಆದರೆ ಅದಕ್ಕೆ ಇಟಲಿಯವರನ್ನು ದೂರಿ ಫಲವಿಲ್ಲ. ಮಳೆಯಲ್ಲಿ ನೆನೆಯುತ್ತ ಕೆಸುವಿನ ಎಲೆ ಕೊಯ್ಯಬೇಕು, ನಾರು ತೆಗೆಯಬೇಕು, ತುರಿಕೆ ಹೋಗಲು ಹುಣಿಸೆ ಸೇರಿಸಿ ಅಕ್ಕಿ ಮಸಾಲೆ ರುಬ್ಬಬೇಕು, ಎಲೆಯ ಮೇಲೆ ಎಲೆಯಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಬೇಕು. ಇಷ್ಟನ್ನೂ ಒಬ್ಬ ಹೆಂಗಸಿನ ಪಾಲಿಗೆ ಬಿಟ್ಟು, ಗಂಡಸರು ಜಗಲಿಯಲ್ಲಿ ಕೂತು ಪತ್ರೊಡೆಯ ಹಿರಿಮೆಯನ್ನು ಬಣ್ಣಿಸಿದರೆ, ಅವಳು ಒಂದು ದಿನ ಕೈಬಿಟ್ಟಳೆಂಬುದರಲ್ಲಿ ಆಶ್ಚರ್ಯವೇನು? ಪತ್ರೊಡೆಯೂ ಪದರದ ಅಡುಗೆಯೇ. ಲಸಾನ್ಯಕ್ಕೆ ಪದರ ಕಟ್ಟಲು ಕಲಿತ ಹುಡುಗಿ ಕೆಸುವಿನ ಎಲೆಗೂ ಕೈಯಿಟ್ಟಾಳು. ಏನನ್ನೂ ಮಾಡದೆ ಪೊಟ್ಟಣ ಹರಿದು ತಿನ್ನುವವಳು ಎರಡನ್ನೂ ಬಿಟ್ಟಾಳು.

ಪಾಠದ ಮೇಷ್ಟ್ರಿಗೆ ಒಲೆಯ ಬಳಿ ಏನು ಕೆಲಸ ಎಂದು ಕೇಳುವವರಿಗೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಉತ್ತರ ಹೇಳುತ್ತದೆ. ಅಲ್ಲಿನ ಕೋಡಿಯ ಮಠದ 1162ರ ಶಾಸನ ಆ ಸ್ಥಳವನ್ನು ಹೊಗಳುವಾಗ ಪಾಣಿನಿ, ಶಾಕಟಾಯನರ ವ್ಯಾಕರಣಗಳ ಅಧ್ಯಯನವನ್ನು ಹೇಳಿ, ದೀನರಿಗೂ ಕುರುಡರಿಗೂ ಕುಂಟರಿಗೂ ಅಲ್ಲಿ ನಡೆಯುತ್ತಿದ್ದ ಅನ್ನದಾನವನ್ನೂ ಅದರೊಡನೆಯೇ ಹೇಳುತ್ತದೆ. ವ್ಯಾಕರಣವೂ ಅನ್ನವೂ ಒಂದೇ ಸೂರಿನ ಕೆಳಗಿದ್ದವು. ಅವನ್ನು ಬೇರ್ಪಡಿಸಿ, ಒಂದನ್ನು ಗಂಡಸಿಗೆ ಗೌರವವೆಂದೂ ಇನ್ನೊಂದನ್ನು ಹೆಂಗಸಿಗೆ ದುಡಿಮೆಯೆಂದೂ ಹಂಚಿಕೊಟ್ಟವರು ಸಂಸ್ಕೃತಿಯ ಮಾತಾಡುವುದು ಚೆಂದವಲ್ಲ.

ಆದ್ದರಿಂದ ಮಿತ್ರರಲ್ಲಿ ಎರಡು ವಿನಂತಿ. ಪಾಕಗಳನ್ನು ಬರೆಯುವವರು, ಹೇಳುವವರು ಅಡುಗೆ ಯಾವ ದೇಶದ್ದಾದರೂ ಕ್ರಿಯಾಪದ ಕನ್ನಡದ್ದಾಗಿರಲೆಂದು ಹಟ ಹಿಡಿಯಲಿ. ತಿಳಿಯದಿದ್ದರೆ ಮನೆಯ ಹಿರಿಯ ಹೆಂಗಸರನ್ನು ಕೇಳಲಿ. ಸಂಸ್ಕೃತಿಗಾಗಿ ಕಣ್ಣೀರಿಡುವವರು ಮುಂದಿನ ಭಾಷಣಕ್ಕೆ ಮೊದಲು ಹತ್ತು ನಿಮಿಷ ಹಿಟ್ಟು ನಾದಲಿ, ಹೋಳಿಗೆಯ ಕಣಕವಾದರೂ ಸರಿ, ಲಸಾನ್ಯದ್ದಾದರೂ ಸರಿ. ಹದವೆಂದರೇನೆಂದು ಕೈಗೆ ತಿಳಿದರೆ ಮಾತಿಗೂ ತಾನಾಗಿ ಹದ ಬಂದೀತು.